ಮೇಷ್ಟ್ರ ಕೊನೆಯ ಜೇಡ

ಜೇಡದ ಮೈಮೇಲಿನ ಕೂದಲನ್ನು ನಮ್ಮ ಮೇಷ್ಟ್ರು ಬಣ್ಣಿಸುತ್ತಿದ್ದ ಚೆಂದಕ್ಕೆ ಯಾರಾದರೂ ಮರುಳಾಗಬೇಕು. ‘ಗಡ್ಡ ಬೋಳಿಸಿ ಎರಡು ದಿನವಾದ ಕೆನ್ನೆಯಂತೆ’ ಎಂದು ಸಂಶೋಧನಾ ಲೇಖನದಲ್ಲೇ ಬರೆದುಬಿಡುತ್ತಿದ್ದರು. ಓದಿದವರಿಗೆ ನಗು ಬರುತ್ತಿತ್ತು, ಜೇಡದ ಗುರುತು ಸಿಗುತ್ತಿರಲಿಲ್ಲ. ಒಂದು ಲಕ್ಷಣಕ್ಕೆ ಎಲ್ಲರೂ ಒಂದೇ ಪದ ಬಳಸಲಿ ಎಂದು ನಾವು ಕೆಲವರು ಸೇರಿ ಚಿತ್ರಸಮೇತ ಪದಪಟ್ಟಿ ಮಾಡಿದೆವು. ಅಂದಿನಿಂದ ಅವರ ಬಾಯಲ್ಲಿ ನಾನು ‘ರಬ್ಬರ್ ಸ್ಟ್ಯಾಂಪು’ ಆದೆ.

“ಎಲ್ಲ ಹುಳಕ್ಕೂ ಒಂದೇ ಅಳತೆ ಅಂಗಿ ಹೊಲೀತೀಯೇನಮ್ಮ?”

“ನಿಮ್ಮ ಕೆನ್ನೆ ನೋಡ್ದೇ ಇರೋರು ಏನ್ಮಾಡ್ಬೇಕು ಸರ್?” ನಾನೂ ಬಿಡುತ್ತಿರಲಿಲ್ಲ.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಹೊಸ ಜಾತಿಯ ಜೇಡವೊಂದರ ವಿವರಣೆ ಅರ್ಧಕ್ಕೇ ಉಳಿದಿತ್ತು. ಅದನ್ನು ಬೇರೆಯವರಿಗೆ ಒಪ್ಪಿಸೋಣ ಎಂದರು ಆ ಜೇಡವನ್ನು ಕಾಪಿಟ್ಟಿದ್ದ ಸಂಗ್ರಹಾಲಯದವರು. ವಿಷಯ ತಿಳಿದು ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ನನಗೆ ಮೈಯೆಲ್ಲ ಉರಿಯಿತು. ಜಗಳವಾಡಿ, ಸೂಕ್ಷ್ಮದರ್ಶಕ, ಜೇಡದ ಸೀಸೆ, ಪದಪಟ್ಟಿ ಎಲ್ಲವನ್ನೂ ಅವರ ಮನೆಯ ಊಟದ ಮೇಜಿಗೆ ಸಾಗಿಸಿದೆ.

ಅವರು ನೋಡುವುದು, ಪಟ್ಟಿಯ ಚಿತ್ರವೊಂದರ ಮೇಲೆ ಎಡಗೈ ಬೆರಳಿಡುವುದು, ನಾನು ಅದರ ಪದ ಬರೆದುಕೊಳ್ಳುವುದು. ಕಣ್ಣು, ಹೊಟ್ಟೆ, ಕಾಲು, ಒಂದೊಂದಾಗಿ ಮುಗಿಯುತ್ತ ಬಂತು.

“ಬೈತಿದ್ದ ಪಟ್ಟೀನೇ ಈಗ ನಿಮ್ಗೆ ಬಾಯಾಯ್ತಲ್ಲ!” ಎಂದು ಅವರ ಹೆಂಡತಿ ಛೇಡಿಸಿದರು. ಮೇಷ್ಟ್ರು ಅರ್ಧ ಮುಖದಲ್ಲೇ ನಕ್ಕರು. ಆ ಪಟ್ಟಿ ಮಾಡಿದ್ದು ಸಾರ್ಥಕ ಎಂದು ನನಗೆ ಅಷ್ಟು ಗಟ್ಟಿಯಾಗಿ ಹಿಂದೆಂದೂ ಅನಿಸಿರಲಿಲ್ಲ.

ಕೊನೆಗೆ ಹಿಂಗಾಲಿನ ಕೂದಲು ಉಳಿಯಿತು. ಪುಟದಲ್ಲಿದ್ದ ಯಾವ ಚಿತ್ರದ ಮೇಲೂ ಅವರು ಬೆರಳಿಡಲಿಲ್ಲ. ‘ಗರಿಯಂಥದ್ದು’ ಎಂಬುದನ್ನು ನಾನೇ ತೋರಿಸಿದೆ. ಅಲ್ಲವೆಂದು ತಲೆಯಲ್ಲಾಡಿಸಿದರು.

“ಹೋಗ್ಲಿ ಸರ್, ಹತ್ತಿರದ್ದು ಯಾವ್ದೋ ಹಾಕಿ ಮುಗಿಸ್ಬಿಡೋಣ.”

ಅವರು ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ, ನನ್ನ ತೋಳು ಹಿಡಿದು ಸೂಕ್ಷ್ಮದರ್ಶಕದ ಕಡೆ ಎಳೆದರು. ತುಟಿ ಸೊಟ್ಟಗಾಗಿ, ಹಣೆ ಬೆವರಿ, ಎಷ್ಟೋ ತಿಂಗಳ ಮೇಲೆ ಮೊದಲ ಮಾತು ಹೊರಟಿತು.

“ನೋಡು.”

ನೋಡಿದೆ. ಪ್ರತಿ ಕೂದಲ ತುದಿಯೂ ಸುರುಳಿ ಸುತ್ತಿಕೊಂಡಿತ್ತು, ಸುರುಳಿಯ ಒಳಗೆ ಪುಟ್ಟ ಹಲ್ಲುಗಳಿದ್ದವು. ಅಂಥದ್ದು ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಮಾಡಿದ ನಾವು ಯಾರೂ ಅಂಥದ್ದನ್ನು ಕಂಡಿರಲೇ ಇಲ್ಲ.

ಪಟ್ಟಿಗೆ ಹೊಸ ಚಿತ್ರ ಸೇರಿಸಲು ಪೆನ್ಸಿಲ್ ಎತ್ತಿಕೊಂಡೆ. ಕಣ್ಣು ಮಂಜಾಗಿ ಗೆರೆ ಕಾಣುತ್ತಿರಲಿಲ್ಲ. ಈ ಮನುಷ್ಯ ನನಗೆ ಗುರುವಾಗಿ ಸಿಕ್ಕಿದ್ದು ನನ್ನ ಪುಣ್ಯ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ.