ಜೋಳದ ಚೀಲದ ಬೆಕ್ಕು

ಹೂವಿನ ಹಿಪ್ಪರಗಿಯ ಖಂಡೆಪ್ಪನ ತೋಳಿಗೆ ಅಂಟಿಸಿದ್ದ ಬಿಲ್ಲೆ ಊರಿಗೇ ದೊಡ್ಡ ಚಾಡಿಕೋರ. ಅವನ ರಕ್ತದ ಸಕ್ಕರೆ ಎಷ್ಟೇರಿತೆಂದು ಸೊಸೆ ವಿದ್ಯಾವತಿಯ ಮೊಬೈಲಿಗೂ ವಿಜಯಪುರದ ಡಾಕ್ಟರ ಕಂಪ್ಯೂಟರಿಗೂ ಬರೆದು ಕಳಿಸುತ್ತಿತ್ತು. ಮಿತಿ ಮೀರಿದರೆ ಮೊಬೈಲು ಹಸಿದ ಬೆಕ್ಕಿನ ಮರಿಯಂತೆ ಕೂಗುತ್ತಿತ್ತು.

ಇವತ್ತು ಅದು ಕೂಗಿದರೆ ಮೊಮ್ಮಗಳ ಮದುವೆಯೇ ಮುರಿದು ಬೀಳುವ ಭಯ. ಮೋರಟಗಿಯಿಂದ ಗಂಡಿನ ಕಡೆಯವರು ಸಕ್ಕರೆ ಹಿಡಿದು ಬಂದಿದ್ದರು. ಎರಡೂ ಮನೆಯ ಹಿರಿಯರು ಒಬ್ಬರು ಕೊಟ್ಟ ಸಕ್ಕರೆ ಒಬ್ಬರು ತಿಂದರೇನೇ ಮಾತು ಗಟ್ಟಿ. ಗಂಡಿನ ಅಜ್ಜಿ ಸಿದ್ದಲಿಂಗವ್ವ ಸಾಮಾನ್ಯದವಳಲ್ಲ. ಹೋದ ವರ್ಷ ಒಂದು ಮನೆಯಲ್ಲಿ ಮುದುಕ ಗುಳಿಗೆ ನುಂಗಿದ್ದನ್ನು ಕಂಡು, ‘ಈ ಮನಿ ರಕ್ತದಾಗ ಸಕ್ಕರಿ ಐತಿ’ ಎಂದು ಎದ್ದು ಬಂದವಳಂತೆ.

ಖಂಡೆಪ್ಪ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡು ಒಳಗೆ ಹೋದ. “ಆ ಮೊಬೈಲ್ ಬಾಯಿ ಮುಚ್ಚವಾ.”

“ಅದು ಮುಚ್ಚಂಗಿಲ್ರಿ ಮಾವಾರ. ನೀವ ನಿಮ್ಮ ಬಾಯಿಗೆ ಕೀಲಿ ಹಾಕ್ಕೋರಿ.”

ಅವನು ಮೊಬೈಲು ಕಸಿದು ಜೋಳದ ಚೀಲದೊಳಗೆ ಹುಗಿದ.

ಸಿದ್ದಲಿಂಗವ್ವ ಹಿಡಿ ತುಂಬ ಸಕ್ಕರೆ ಕೊಟ್ಟಳು. ಖಂಡೆಪ್ಪನೂ ಸೋಲಲಿಲ್ಲ, ಹಿಡಿ ತುಂಬ ತಿರುಗಿ ಕೊಟ್ಟ. ಊಟಕ್ಕೆ ಹೋಳಿಗೆ ಬಂತು. ಬೇಡವೆಂದರೆ ಸಂಶಯ ಬರುತ್ತದೆಂದು ಅವನು ಮೊದಲನೆಯದು ತಿಂದ. ಎರಡನೆಯದಕ್ಕೆ ನೆಪವನ್ನೇ ಹುಡುಕಲಿಲ್ಲ.

ಮಜ್ಜಿಗೆ ಬಡಿಸುವ ಹೊತ್ತಿಗೆ ಬೆಕ್ಕು ಕೂಗಿತು.

ಖಂಡೆಪ್ಪ ಒಳಕೋಣೆಯ ಕಡೆ ಕೈ ತೋರಿಸಿದ. “ಬೆಕ್ಕರಿ. ಮರಿ ಹಾಕೇತಿ,” ಎಂದ.

“ಹೌದ್ರಿ, ಬೆಕ್ಕ. ಬೆಕ್ಕ ಇದ್ರನ ಮನಿಗೆ ಲಕ್ಷಣ,” ಎಂದು ಸಿದ್ದಲಿಂಗವ್ವ ಅವಸರದಲ್ಲಿ ತಲೆಯಾಡಿಸಿದಳು.

ಮತ್ತೆ ಕೂಗಿತು. ಸದ್ದು ಬಂದದ್ದು ಒಳಗಿನಿಂದಲ್ಲ, ಎದುರು ಸಾಲಿನಲ್ಲಿ ಕುಳಿತಿದ್ದ ಗಂಡು ಸಂಜೀವಕುಮಾರನ ಕಿಸೆಯಿಂದ. ಅವನು ಮೊಬೈಲು ತೆಗೆದು ನೋಡಿದ. “ಆಯಿ, ಎರಡನೂರಾ ಎಂಬತ್ತ ಆಗೇತಿ. ಹೋಳಗಿ ಎಷ್ಟ ತಿಂದಿ?”

ಸಿದ್ದಲಿಂಗವ್ವ ಸೆರಗೆಳೆದು ತೋಳು ಮುಚ್ಚಿಕೊಂಡಳು. ಆಗ ಒಳಗೆ ಜೋಳದ ಚೀಲ ಕೂಗಿತು.

“ಇದು ನಮ್ಮ ಬೆಕ್ಕರಿ,” ಎಂದ ಖಂಡೆಪ್ಪ.

ಸಿದ್ದಲಿಂಗವ್ವ ಅವನ ಉದ್ದ ತೋಳಿನ ಅಂಗಿಯನ್ನೇ ನೋಡಿದಳು. “ನಿಮ್ದ ಎಷ್ಟ?”

ವಿದ್ಯಾವತಿ ಚೀಲ ಕೆದಕಿ ಮೊಬೈಲು ತಂದಳು. “ಮುನ್ನೂರಾ ಐದ್ರಿ.”

“ನನ್ನಕಿಂತ ಜಾಸ್ತಿ ಐತಿ,” ಎಂದಳು ಮುದುಕಿ, ಪಗಡೆ ಗೆದ್ದವಳಂತೆ.

“ಏನ ತಿಂದ್ರಿ ಅಂತ ಮೊಬೈಲ್ ಕೇಳಾಕತ್ತೇತಿ. ಡಾಕ್ಟರ್ ಓದ್ತಾರ. ಏನ ಬರೀಲ್ರಿ ಮಾವಾರ?” ಎಂದಳು ವಿದ್ಯಾವತಿ.

ಖಂಡೆಪ್ಪ ಬಾಗಿಲ ಹಿಂದೆ ನಿಂತ ಮೊಮ್ಮಗಳನ್ನು ನೋಡಿದ.

“ಬೀಗತನ ಆತು ಅಂತ ಬರೀವಾ,” ಎಂದಳು ಸಿದ್ದಲಿಂಗವ್ವ. “ಸಂಜೀವಾ, ನೀನೂ ಅದನ್ನ ಬರಿ. ಮನಿ ರಕ್ತದ ಮಾತ ನಾ ಇನ್ನ ಯಾವ ಬಾಯಿಲೆ ಆಡ್ಲಿ?”

ಸಕ್ಕರೆ ಇಳಿಯಲೆಂದು ವಿದ್ಯಾವತಿಯೂ ಸಂಜೀವಕುಮಾರನೂ ಸೇರಿ ಇಬ್ಬರು ಹಿರಿಯರನ್ನೂ ಊರ ಅಗಸಿ ಬಾಗಿಲವರೆಗೆ ನಡೆಯಲು ಅಟ್ಟಿದರು. ಓಣಿ ತಿರುಗಿದ ಮೇಲೆ ಸಿದ್ದಲಿಂಗವ್ವ ಕೇಳಿದಳು: “ಮದುವ್ಯಾಗ ಸೀ ಅಡಗಿ ಏನ ಮಾಡಸ್ತೀರಿ?”

ಖಂಡೆಪ್ಪ ಹಿಂದೆ ತಿರುಗಿ ನೋಡಿದ. ತೋಳಿನ ಬಿಲ್ಲೆಯ ಮೇಲೆ ಅಂಗೈ ಮುಚ್ಚಿ, ಮೆಲ್ಲಗೆ ಹೇಳಿದ: “ಗೋದಿ ಹುಗ್ಗಿ.”

ಅವಳೂ ತನ್ನ ಬಿಲ್ಲೆಯ ಮೇಲೆ ಕೈ ಇಟ್ಟಳು. “ತುಪ್ಪಾ ಚೂರ ಜಾಸ್ತಿ ಹಾಕಸ್ರಿ.”