ಅಂಟು ಹಾಕಿದ ಬೂಟು

ನನಗೆ ಅಷ್ಟು ಸುಲಭಕ್ಕೆ ಹೇಸಿಗೆ ಆಗುವುದಿಲ್ಲ. ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಕೆಲಸ. ದಿನವಿಡೀ ಬೇರೆಯವರ ತೆರೆದ ಬಾಯಿಯ ಮುಂದೆ ಎಂಜಲು ಹೀರುವ ನಳಿಕೆ ಹಿಡಿದು ನಿಲ್ಲುತ್ತೇನೆ. ಕೀವು, ರಕ್ತ, ಹಲ್ಲಿನ ಸಂದಿಯಲ್ಲಿ ಕೊಳೆತ ನಿನ್ನೆಯ ಊಟ, ಎಲ್ಲವನ್ನೂ ನೋಡಿ ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತೇನೆ. ಅಂಥವಳಿಗೆ ಒಂದು ಬೂಟಿನ ಅಂಗಡಿಯಲ್ಲಿ, ಎಸಿ ಗಾಳಿಯಲ್ಲಿ, ಮುಖ ಕಾಣುವಷ್ಟು ಹೊಳೆಯುವ ನೆಲದ ಮೇಲೆ ವಾಕರಿಕೆ ಬಂತು ಎಂದರೆ ಆ ಜನ ಎಂಥವರಿರಬೇಕು, ನೀವೇ ಯೋಚನೆ ಮಾಡಿ.

ಬೂಟು ನಮ್ಮ ಜೊತೆಗೇ ಇರುವ ನನ್ನ ತಮ್ಮನದು. ಅವನು ಔಷಧಿ ಸಗಟು ಮಾರುವ ಕಂಪನಿಯಲ್ಲಿದ್ದ. ಬೈಕಿನ ಮೇಲೆ ಅಂಗಡಿಯಿಂದ ಅಂಗಡಿಗೆ ಔಷಧಿ ತಲುಪಿಸುವುದು ಅವನ ಕೆಲಸ. ಹೋದ ವರ್ಷ ಒಂದು ಲಾರಿ ಅವನನ್ನು ಉಜ್ಜಿಕೊಂಡು ಹೋಗಿ ಎಡಗಾಲಿನ ಗಿಣ್ಣು ಪುಡಿಯಾಯಿತು. ಒಳಗೆ ಪ್ಲೇಟು, ಸ್ಕ್ರೂ ಹಾಕಿ ಹೇಗೋ ಕೂಡಿಸಿದರು. ಮತ್ತೆ ಬೈಕ್ ಹತ್ತಲು ಮೂಳೆ ಡಾಕ್ಟರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಗಿಣ್ಣು ಹೊರಳದಂತೆ ಬಿಗಿಯಾಗಿ ಹಿಡಿಯುವ ಗಟ್ಟಿ ರೈಡಿಂಗ್ ಬೂಟು ಹಾಕಲೇಬೇಕು. ಗೇರ್ ಹಾಕುವುದು ಆ ಕಾಲಿನಿಂದಲೇ ತಾನೆ? ಇನ್ನೊಂದು ಸಲ ಹೊರಳಿದರೆ ಕೋಲು ಹಿಡಿದುಕೊಂಡೇ ಓಡಾಡಬೇಕಾಗುತ್ತದೆ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಕಂಪನಿಯ ಮೇಲಧಿಕಾರಿಯೂ ಅದನ್ನೇ ಹಿಡಿದುಕೊಂಡ. ಸೋಮವಾರ ಸರಿಯಾದ ಬೂಟು ಹಾಕಿಕೊಂಡು ಬಂದರೆ ಬೈಕಿನ ಕೀಲಿ ಅವನಿಗೆ, ಇಲ್ಲದಿದ್ದರೆ ಇನ್ನೊಬ್ಬನಿಗೆ.

ಬೂಟು ತಂದದ್ದಾಯಿತು. ಅಭ್ಯಾಸಕ್ಕೆಂದು ನನ್ನ ಗಂಡನ ಬೈಕ್ ತೆಗೆದುಕೊಂಡು ನಮ್ಮ ಬೀದಿಗಳಲ್ಲೇ ಸುತ್ತಾಡುತ್ತಿದ್ದ. ಮೂರು ದಿನವೂ ಆಗಿರಲಿಲ್ಲ, ಎಡಗಾಲಿನ ಬೂಟಿನ ಅಡಿಯ ಅಟ್ಟೆ ಮುಂಭಾಗದಲ್ಲಿ ಬಾಯಿ ಬಿಟ್ಟಿತು. ಬಿಟ್ಟ ಅಟ್ಟೆ ಗೇರಿನ ಕಡ್ಡಿಗೆ ಸಿಕ್ಕಿಕೊಂಡು, ತಿರುವಿನಲ್ಲಿ ಕಾಲು ಊರಲಾಗದೆ ಅವನು ಗೋಡೆಗೆ ಹೋಗಿ ಒರಗಿದನಂತೆ. ಗೋಡೆ ಇತ್ತು, ಬಚಾವಾದ. ಇದನ್ನು ಅವನು ಹೇಳಿದ್ದು ರಾತ್ರಿ ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಕಮ್ಮಿ ಎನ್ನುವಷ್ಟೇ ಸಲೀಸಾಗಿ. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಶನಿವಾರ ನನಗೆ ರಜ. ಇಬ್ಬರೂ ಹೋಗೋಣ. ಬದಲಾಯಿಸಿ ಕೊಡದೆ ಎಲ್ಲಿಗೆ ಹೋಗ್ತಾರೆ, ನೋಡ್ತೀನಿ" ಎಂದೆ.

ಶನಿವಾರ ಅವನು ಚೀಲದಿಂದ ಬೂಟು ತೆಗೆದು ಅಂಗಡಿಯ ಕೌಂಟರಿನ ಮೇಲೆ ಇಟ್ಟ. ಬೂಟು ಫಳಫಳ ಹೊಳೆಯುತ್ತಿತ್ತು. ಮಹಾರಾಯ ಅದನ್ನು ತೊಳೆದು, ಒಣಗಿಸಿ, ಪಾಲಿಶ್ ಹಾಕಿ, ಬಿಟ್ಟ ಅಟ್ಟೆಯನ್ನು ಅಂಟು ಹಾಕಿ ನೀಟಾಗಿ ಕೂರಿಸಿಕೊಂಡು ಬಂದಿದ್ದ.

ನಮ್ಮ ಮನೆಯ ರೋಗ ಇದು. ಅಮ್ಮ ಬೆಳೆಸಿದ್ದೇ ಹಾಗೆ. ಏನನ್ನೇ ಆಗಲಿ ಬೇರೆಯವರ ಕೈಗೆ ಕೊಡುವಾಗ ಅದು ಕೊಳಕಾಗಿರಬಾರದು, ಹರಿದಿರಬಾರದು. ಕುಕ್ಕರ್ ರಿಪೇರಿಗೆ ಕೊಡುವ ಮೊದಲು ಬೂದಿ ಹಾಕಿ ತಿಕ್ಕುತ್ತಿದ್ದಳು. ಒಗೆಯಲು ಕೊಡುವ ಬಟ್ಟೆಯನ್ನು ಮೊದಲು ಮನೆಯಲ್ಲೇ ಒಮ್ಮೆ ಜಾಲಿಸುತ್ತಿದ್ದಳು. ಸೈಕಲ್ ಪಂಕ್ಚರ್ ಆದರೆ ಟಯರ್ ಒರೆಸಿ ಕಳಿಸುತ್ತಿದ್ದಳು. ಇವನು ಅವಳ ಅಪ್ಪಟ ಮಗ. ದೂರು ಕೊಡಲು ಹೊರಟವನು ದೂರನ್ನೇ ಅಳಿಸಿಕೊಂಡು ಬಂದಿದ್ದ.

ಅಂಗಡಿಯ ಮ್ಯಾನೇಜರನಿಗೆ ಸಾಲಾಗಿ ಜೋಡಿಸಿದಂಥ ಬಿಳಿ ಹಲ್ಲು. ನಾನು ಯಾರನ್ನು ಕಂಡರೂ ಮೊದಲು ನೋಡುವುದು ಹಲ್ಲನ್ನೇ. ಮಾತಿಗೊಮ್ಮೆ ಆ ಹಲ್ಲು ತೋರಿಸುತ್ತಿದ್ದ.

"ಎಲ್ಲಿ ಬಿಟ್ಟಿದೆ ಮೇಡಂ? ತೋರ್ಸಿ."

"ಇಲ್ಲಿ."

"ಇಲ್ಲಿ ಅಂಟಿದೆಯಲ್ಲ."

"ಅದು ನನ್ನ ತಮ್ಮ ಅಂಟಿಸಿರೋದು."

"ಯಾಕೆ ಸಾರ್ ಅಂಟಿಸಿದ್ರಿ?" ಎಂದು ತಮ್ಮನ ಕಡೆ ತಿರುಗಿದ.

"ಬಾಯಿ ಬಿಟ್ಟಿದ್ದನ್ನ ಹಾಗೇ ತಂದು ಕೊಟ್ರೆ ಚೆನ್ನಾಗಿರಲ್ಲ ಅಂತ" ಎಂದ ನನ್ನ ತಮ್ಮ. ಹಾಗೆ ಹೇಳುವಾಗಲೂ ಎರಡೂ ಕೈ ಕಟ್ಟಿಕೊಂಡು ನಿಂತಿದ್ದ.

ಪಕ್ಕದಲ್ಲಿದ್ದ ಸೇಲ್ಸ್‌ಮನ್ ಮುಖ ಆಚೆ ತಿರುಗಿಸಿ ನಕ್ಕ. ನನಗೆ ಅವರಿಬ್ಬರ ಮೇಲೂ ತಮ್ಮನ ಮೇಲೂ ಒಟ್ಟಿಗೇ ಮೈ ಉರಿಯಿತು. ಮ್ಯಾನೇಜರ್ ಬೂಟನ್ನು ಎತ್ತಿ, ತಿರುಗಿಸಿ, ಉಗುರಿನಿಂದ ಅಂಟಿನ ಅಂಚನ್ನು ಕೆರೆದು ನೋಡಿದ.

"ನೋಡಿ ಮೇಡಂ, ಈಗಂತೂ ಬೂಟಿನಲ್ಲಿ ದೋಷ ಕಾಣಿಸ್ತಿಲ್ಲ. ದೋಷ ನಮ್ಮ ಕಣ್ಣಿಗೆ ಬೀಳದೆ ಬದಲಿ ಕೊಡೋ ಹಾಗಿಲ್ಲ. ಒಂದು ಕೆಲಸ ಮಾಡಿ. ಇವರು ಅಲ್ಲಿ ಕೂತು ಗೇರ್ ಹಾಕಲಿ. ನಮ್ಮೆದುರಿಗೇ ಬಿಟ್ಟರೆ ಬದಲಾಯಿಸ್ತೀವಿ."

ಅಲ್ಲಿ ಎಂದರೆ ಅಂಗಡಿಯ ನಡುವೆ. ಅಲ್ಲಿ ಒಂದು ಬೈಕನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಲ್ಲಾಡದಂತೆ ನಿಲ್ಲಿಸಿದ್ದರು. ಅದರ ಹಿಂದೆ ಗೋಡೆಯ ತುಂಬ ಬೆಟ್ಟ, ಮೋಡ, ಅಂಕುಡೊಂಕು ರಸ್ತೆಯ ಚಿತ್ರ. ಬೂಟು ಕೊಳ್ಳಲು ಬಂದವರು ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ತಮ್ಮ ಬೂಟು ಹಾಕಿಕೊಂಡು ಆ ಬೆಟ್ಟದ ಮುಂದೆ ಹತ್ತಿ ಕೂತ. ಬೂಟಿನ ತುದಿಯಿಂದ ಕಡ್ಡಿ ಎತ್ತುವುದು, ತುಳಿಯುವುದು, ಮತ್ತೆ ಎತ್ತುವುದು. ಟಕ್, ಟಕ್, ಟಕ್. ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಟೀ ತರಿಸಿಕೊಂಡ. ಸೇಲ್ಸ್‌ಮನ್ ಮೊಬೈಲ್ ತೆಗೆದು ವಿಡಿಯೊ ಮಾಡಿಕೊಳ್ಳತೊಡಗಿದ.

"ಅದೆಲ್ಲ ಯಾಕೆ?" ಎಂದೆ.

"ಸಾಕ್ಷಿಗೆ ಮೇಡಂ" ಎಂದ. ಅವನ ತುಟಿ ನಗು ತಡೆದುಕೊಳ್ಳಲು ಒದ್ದಾಡುತ್ತಿತ್ತು.

ಎಲ್ಲೂ ಹೋಗದ ಬೈಕಿನ ಮೇಲೆ ಕೂತು ಒಬ್ಬ ಗಂಡಸು ಒಂದೇ ಸಮನೆ ಗೇರ್ ಹಾಕುತ್ತಿರುವುದನ್ನು ನೋಡುವುದು ಎಷ್ಟು ಅಸಹ್ಯ ಎಂದು ನನಗೆ ಗೊತ್ತಿರಲಿಲ್ಲ. ಬಂದ ಗಿರಾಕಿಗಳು ನಿಂತು ನೋಡಿ ಹೋಗುತ್ತಿದ್ದರು. ಮೊದಮೊದಲು ತಮ್ಮ ನೆಟ್ಟಗೆ ಕೂತಿದ್ದ. ಬರಬರುತ್ತಾ ಮುಂದಕ್ಕೆ ಬಾಗಿದ, ಕುತ್ತಿಗೆಯಲ್ಲಿ ಬೆವರು ಇಳಿಯಿತು. ಒಂದೊಂದು ಸಲ ಕಡ್ಡಿ ಎತ್ತಿದಾಗಲೂ ಅವನ ದವಡೆ ಬಿಗಿಯಾಗುತ್ತಿತ್ತು. ನೋವು ನುಂಗುವವರ ದವಡೆ ನನಗೆ ಚೆನ್ನಾಗಿ ಗೊತ್ತು.

"ಸಾಕು, ಇಳಿಯೋ. ಇವರ ಬೂಟೂ ಬೇಡ, ಇವರ ಮುಖವೂ ಬೇಡ."

"ಇರು ಅಕ್ಕ, ಇನ್ನು ಸ್ವಲ್ಪ" ಎಂದ.

"ಕಾಲು ನೋವಾ ಸಾರ್? ನಿಧಾನಕ್ಕೆ ಹಾಕಿ. ಅರ್ಜೆಂಟ್ ಏನಿಲ್ಲ" ಎಂದ ಮ್ಯಾನೇಜರ್, ಟೀ ಊದುತ್ತಾ.

ಕೊನೆಗೂ ಅಟ್ಟೆ ಬಾಯಿ ಬಿಟ್ಟಿತು. ಮ್ಯಾನೇಜರ್ ಬಗ್ಗಿ, ಸಂದಿಯೊಳಗೆ ಬೆರಳು ತೂರಿಸಿ, ತಾನೇ ಏನೋ ಕಂಡುಹಿಡಿದವನ ಹಾಗೆ "ಹೂಂ, ನಿಜ, ಬಿಟ್ಟಿದೆ" ಎಂದ. ಅದೇ ಮಾತನ್ನು ನಾವು ಬಂದ ಕೂಡಲೇ ಹೇಳಿದ್ದೆವು. ಹೊಸ ಜೋಡಿ ಗೋಡೌನಿನಿಂದ ಬರಬೇಕು, ಕೂತಿರಿ ಎಂದು ಹೇಳಿ ಹಳೆಯದನ್ನು ಸೇಲ್ಸ್‌ಮನ್ ಕೈಯಲ್ಲಿ ಒಳಗೆ ಕಳಿಸಿದ.

ಕೂತೆವು. ಊಟದ ಹೊತ್ತು ಮೀರಿತು. ತಮ್ಮ ಎಡಗಾಲನ್ನು ಚಾಚಿ ಮೆಲ್ಲಗೆ ತಿಕ್ಕಿಕೊಳ್ಳುತ್ತಿದ್ದ, ಗಿಣ್ಣು ಊದಿಕೊಂಡಿತ್ತು. ನಾನು ಎದ್ದು ಹೋಗಿ ಎರಡು ಸಲ ಜಗಳ ಆಡಿ ಬಂದೆ. ಎರಡು ಸಲವೂ ಮ್ಯಾನೇಜರ್ ನನಗೆ ತಣ್ಣನೆಯ ನೀರು ಕೊಡಿಸಿದ. ಬೈದವರಿಗೆ ನೀರು ಕೊಡಿಸುವುದು ಅವನು ಎಲ್ಲೋ ಕಲಿತ ವಿದ್ಯೆ ಇರಬೇಕು.

ಅಂತೂ ಹೊಸ ಡಬ್ಬ ಬಂತು. ಕೌಂಟರಿನ ಮೇಲೆ ಚಾಕುವಿನಿಂದ ಟೇಪು ಕತ್ತರಿಸಿ ಬೂಟು ಹೊರತೆಗೆದರು. ನಾನು ಅಟ್ಟೆಯನ್ನು ಎಳೆದು ನೋಡಿದೆ, ಒಳಗೆ ಕೈ ಹಾಕಿ ನೋಡಿದೆ. ಗಟ್ಟಿಯಾಗಿತ್ತು. ತಮ್ಮ ಹಾಕಿಕೊಂಡು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದ. ಕಾಲು ಮುರಿದಂದಿನಿಂದ ಅವನು ನೆಲ ನೋಡಿಕೊಂಡೇ ನಡೆಯುತ್ತಿದ್ದ. ಈಗ ತಲೆ ಎತ್ತಿ ನಡೆದ. ಆ ಒಂದು ಗಳಿಗೆಯಲ್ಲಿ ನಾನು ಎಲ್ಲವನ್ನೂ ಕ್ಷಮಿಸಿಬಿಟ್ಟೆ. ಟೀಯನ್ನು, ವಿಡಿಯೊವನ್ನು, ಆ ಹಲ್ಲನ್ನು ಕೂಡ.

ಬದಲಿಯ ಚೀಟಿಗೆ ಸೀಲು ಬೀಳುವುದಷ್ಟೇ ಬಾಕಿ. ಆಗ ನಮ್ಮ ಪಕ್ಕದ ಸೋಫಾದಲ್ಲಿ ದಪ್ಪನೆಯ ಆಸಾಮಿಯೊಬ್ಬ ಬಂದು ಕೂತ. ಪಾರ್ಸೆಲ್ ಹಂಚುವ ವ್ಯವಹಾರವಂತೆ ಅವನದು. ಕೂತ ಕೂಡಲೇ ಮ್ಯಾನೇಜರನೊಂದಿಗೆ ಹಳೆಯ ಪರಿಚಯದವನಂತೆ ಮಾತಿಗಿಳಿದ. ಸೇಲ್ಸ್‌ಮನ್ ಒಳಗಿನಿಂದ ಒಂದು ಜೋಡಿ ಬೂಟು ತಂದು ಅವನ ಮುಂದಿಟ್ಟ. ಗಪ್ಪೆಂದು ಹಸಿ ಅಂಟಿನ ವಾಸನೆ ಹೊಡೆಯಿತು. ಎಡ ಬೂಟಿನ ಮೇಲೆ, ಹೊಸ ಪಾಲಿಶಿನ ಅಡಿಯಲ್ಲಿ, ಗೇರಿನ ಕಡ್ಡಿ ಉಜ್ಜಿದ ಗೀರು ಎದ್ದು ಕಾಣುತ್ತಿತ್ತು. ನನ್ನ ತಮ್ಮ ಬೆಳಗಿನಿಂದ ಬೆವರು ಸುರಿಸಿ ಬಾಯಿ ಬಿಡಿಸಿದ ಬೂಟೇ ಅದು.

ಹೊಟ್ಟೆ ತೊಳಸಿದ್ದು ಆಗಲೇ. ಮ್ಯಾನೇಜರ್ ನನ್ನ ಮುಖ ನೋಡಿದವನೇ ಹತ್ತಿರ ಬಂದು ತಗ್ಗಿದ ದನಿಯಲ್ಲಿ "ನಿಮ್ಮ ಕೆಲಸ ಆಯ್ತಲ್ಲ ಮೇಡಂ. ಸೀಲು ಹಾಕಿ ಕೊಟ್ಟುಬಿಡ್ತೀನಿ" ಎಂದ.

ನಾನು ಅವನನ್ನು ದಾಟಿ ಸೋಫಾದ ಹತ್ತಿರ ಹೋದೆ. "ಯಜಮಾನರೇ, ಅದನ್ನ ತಗೋಬೇಡಿ. ಅದು ನಮ್ಮದು. ಅಟ್ಟೆ ಬಿಟ್ಟಿದೆ ಅಂತ ಈಗ ತಾನೆ ವಾಪಸ್ ಕೊಟ್ಟಿದ್ದು. ಅಂಟು ಹಾಕಿ ನಿಮಗೆ ದಾಟಿಸ್ತಿದ್ದಾರೆ."

ಆಸಾಮಿ ಬೂಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಸಿಟ್ಟು ಬರುತ್ತದೆ, ಮ್ಯಾನೇಜರನ ಮುಖಕ್ಕೆ ಎಸೆಯುತ್ತಾನೆ ಎಂದುಕೊಂಡೆ. ಅವನು ಮ್ಯಾನೇಜರನ ಕಡೆ ತಿರುಗಿ, "ಹಾಗಾದ್ರೆ ಎಷ್ಟು ಕಮ್ಮಿ ಮಾಡ್ತೀರಿ?" ಎಂದ.

"ಅಲ್ಲಾರೀ, ಹಾಕಿಕೊಂಡರೆ ಕಾಲು ಮುರಿಯುತ್ತೆ" ಎಂದೆ.

"ನನಗಲ್ಲಮ್ಮ. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಬರೋನಿಗೆ. ಬೂಟು ಹಾಕಿರೋ ಫೋಟೋ ಕಳಿಸಿ ಅಂತ ಮೇಲಿನ ಕಂಪನಿಯವರು ಜೀವ ತಿಂತಾರೆ" ಎಂದ. ಆಮೇಲೆ ಬಹಳ ದೊಡ್ಡ ಮನಸ್ಸಿನವನ ಹಾಗೆ, "ಹಿಂದಿದ್ದೋನು ಬೂಟೇ ಇಲ್ಲದೆ ಓಡಿಸಿ ಕಾಲು ಮುರ್ಕೊಂಡ. ಪಾಪ. ಅದಕ್ಕೇ ಇವನಿಗೆ ನಾನೇ ಕೊಡಿಸ್ತಿದ್ದೀನಿ" ಎಂದ.

ಮ್ಯಾನೇಜರ್ ನಕ್ಕ. ಆಸಾಮಿಯೂ ನಕ್ಕ. ಥೂ, ಇವರ ಜನ್ಮಕ್ಕಿಷ್ಟು ಎಂದು ನನ್ನ ನಾಲಿಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ತಮ್ಮ ನನ್ನ ಪಕ್ಕದಿಂದ ಮುಂದೆ ಹೋದ.

"ಒಂದು ನಿಮಿಷ ಕೊಡಿ ಸಾರ್" ಎಂದು ವಿನಯದಿಂದ ಕೇಳಿ ಆಸಾಮಿಯ ಕೈಯಿಂದ ಎರಡೂ ಬೂಟು ತೆಗೆದುಕೊಂಡ. ಏನೋ ತೋರಿಸುತ್ತಾನೆ ಎಂದು ಆತನೂ ಕೊಟ್ಟ. ತಮ್ಮ ಕೌಂಟರಿನ ಮೇಲಿದ್ದ ಚಾಕು ಎತ್ತಿಕೊಂಡು ಎಡ ಬೂಟನ್ನು ಮೇಲಿನಿಂದ ಅಟ್ಟೆಯವರೆಗೂ ಸೀಳಿದ. ಗಟ್ಟಿ ಚರ್ಮ, ಬೇಗ ಸೀಳಲಿಲ್ಲ. ಅವಸರವಿಲ್ಲದೆ ಒತ್ತಿ ಎಳೆದ. ಆಮೇಲೆ ಬಲದ್ದನ್ನೂ ಸೀಳಿದ. ಚಾಕುವನ್ನು ಮಡಚಿ ಇಟ್ಟು, "ಇನ್ನು ಯಾರೂ ಹಾಕೋಕಾಗಲ್ಲ" ಎಂದ.

ಮ್ಯಾನೇಜರನ ಹಲ್ಲು ಮೊದಲ ಬಾರಿಗೆ ತುಟಿಯ ಹಿಂದೆ ಹೋಯಿತು. ಅವನು ಸೀಲು ಬೀಳದ ಚೀಟಿಯನ್ನು ಎಳೆದುಕೊಂಡು ಹರಿದ.

"ಹಳೇ ಜೋಡಿ ಸರಿಯಾಗಿ ನಮ್ಮ ಕೈ ಸೇರಿದ್ರೆ ಮಾತ್ರ ಬದಲಿ. ಅದನ್ನ ನೀವೇ ಹಾಳು ಮಾಡಿದ್ರಿ. ಕಾಲಲ್ಲಿರೋದನ್ನ ಬಿಚ್ಚಿ."

ನಾನು ಬಾಯಿಗೆ ಬಂದ ಹಾಗೆ ಬೈದೆ. ಏನೇನು ಬೈದೆನೋ ನನಗೇ ನೆನಪಿಲ್ಲ. ಆಸ್ಪತ್ರೆಯಲ್ಲಿ ಕಂಡ ಕೀವಿನಿಂದ ಹಿಡಿದು ಎಲ್ಲವನ್ನೂ ಅವರಿಗೆ ಹೋಲಿಸಿದೆ. ಯಾರೂ ನೀರು ಕೊಡಲಿಲ್ಲ. ತಮ್ಮ ಕೆಳಗೆ ಕೂತು ಒಂದೊಂದೇ ಬಕಲ್ ಬಿಚ್ಚುತ್ತಿದ್ದ. ಊದಿದ ಕಾಲಿನಿಂದ ಎಡ ಬೂಟು ಎಳೆಯುವಾಗ ಕಣ್ಣು ಮುಚ್ಚಿಕೊಂಡ. ನಾನು ಬೈಯುವುದನ್ನು ಬಿಟ್ಟು ಬಗ್ಗಿ ಅವನ ಹಿಮ್ಮಡಿ ಹಿಡಿದುಕೊಂಡೆ.

"ಎಂಥಾ ಸೊಕ್ಕು ನೋಡಿ" ಎಂದ ಪಾರ್ಸೆಲ್ಲಿನ ಆಸಾಮಿ. ಆಮೇಲೆ ಗಡಿಯಾರ ನೋಡಿಕೊಂಡು ಸೇಲ್ಸ್‌ಮನ್ನನ್ನು ಕೇಳಿದ: "ಅದೇ ಥರದ್ದು ಒಳಗೆ ಇನ್ನೊಂದು ಜೋಡಿ ಇದೆಯೇನಯ್ಯ?"

ಸೇಲ್ಸ್‌ಮನ್ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್ ತಲೆ ಆಡಿಸಿದ. "ಇದೆ ಸಾರ್, ಎರಡು ಮೂರು ಇವೆ" ಎನ್ನುತ್ತಾ ಸೇಲ್ಸ್‌ಮನ್ ಒಳಗೆ ಹೋದ.

ತಮ್ಮ ಚಪ್ಪಲಿ ಮೆಟ್ಟಿಕೊಂಡು ನನ್ನ ಭುಜ ಹಿಡಿದು ಎದ್ದ. ಹೊಸ ಬೂಟುಗಳನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿ ಕೌಂಟರಿನ ಮೇಲೆ ಇಟ್ಟ. ಬಾಗಿಲಿನವರೆಗೆ ಬಂದವನು ನಿಂತು, ತಿರುಗಿ ಆ ಆಸಾಮಿಗೆ ಹೇಳಿದ: "ಸಾರ್, ಬರೋನಿಗೆ ಹೇಳಿ. ಅಟ್ಟೆ ಬಿಟ್ಟರೆ ಎಡಗಾಲು ಗೇರಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ತಿರುವಿನಲ್ಲಿ ಹುಷಾರಾಗಿರಬೇಕು ಅಂತ ಹೇಳಿ."

"ಸೋಮವಾರ ಬರ್ತಾನಪ್ಪ, ಹೇಳ್ತೀನಿ" ಎಂದ ಆತ. ಅವನ ಕಣ್ಣು ಒಳಬಾಗಿಲಿನ ಮೇಲೆಯೇ ಇತ್ತು.

ಇನ್ನೊಂದು ಜೋಡಿ ಕೊಳ್ಳಲು ದುಡ್ಡು ಹೊಂದಲಿಲ್ಲ. ಸೋಮವಾರ ಔಷಧಿ ಕಂಪನಿಯವರು ನನ್ನ ತಮ್ಮನ ಕೀಲಿಯನ್ನು ಬೇರೊಬ್ಬನಿಗೆ ಕೊಟ್ಟರು. ತಮ್ಮ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಆದರೆ ಈಗ ಬೀದಿಯಲ್ಲಿ ಪಾರ್ಸೆಲ್ ತರುವವನು ಯಾರಾದರೂ ಬೈಕ್ ನಿಲ್ಲಿಸಿದರೆ ಸಾಕು, ಊಟ ಬಿಟ್ಟು ಎದ್ದು ಕುಂಟುತ್ತಾ ಬಾಗಿಲಿಗೆ ಹೋಗುತ್ತಾನೆ. ಪಾರ್ಸೆಲ್ ನಮ್ಮದಲ್ಲದಿದ್ದರೂ ಹೋಗುತ್ತಾನೆ. ಬಂದವನ ಎಡಗಾಲಿನ ಬೂಟು ನೋಡಿ ಬಂದು ಮತ್ತೆ ಊಟಕ್ಕೆ ಕೂರುತ್ತಾನೆ.