ಮುಂದಿನ ರಿಬ್ಬನ್ನಿನ ಮೊಳೆ

ಬೆಳಿಗ್ಗೆ ಎದ್ದ ಕೂಡಲೇ ಅವನು ಮಾಡಿದ ಮೊದಲ ಕೆಲಸ ಗೋಡೆಗೆ ಮೊಳೆ ಹೊಡೆದದ್ದು. ರಾಸುಗಳ ಪ್ರದರ್ಶನದಲ್ಲಿ ಗೆದ್ದ ರಿಬ್ಬನ್ನನ್ನು ನೇತುಹಾಕಿದ ಮಾರನೆಯ ದಿನವೇ, ಮುಂದಿನ ವರ್ಷದ್ದಕ್ಕೆಂದು ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದಿಡುವುದು ಅವನ ರೂಢಿ. ನಡುಮನೆಯ ಗೋಡೆಯಲ್ಲಿ ಈಗ ಒಂಬತ್ತು ರಿಬ್ಬನ್ನುಗಳು, ಒಂದು ಬರಿಯ ಮೊಳೆ. ಊರೆಲ್ಲ ಅವನನ್ನು ರಿಬ್ಬನ್ನಣ್ಣ ಎಂದೇ ಕರೆಯುತ್ತಿತ್ತು. ಕರೆಯುವವರು ಅರ್ಧ ತಮಾಷೆಗೆ ಕರೆದರೂ ಅವನು ಪೂರ್ತಿ ಹೆಮ್ಮೆಯಿಂದಲೇ ಓಗೊಡುತ್ತಿದ್ದ.

ನಿನ್ನೆ ಗೆದ್ದದ್ದು ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಐದು ತಿಂಗಳ ಹೆಣ್ಣುಗರು. ಅದನ್ನು ತನಗೆ ಮಾರಬೇಕೆಂದು ಪಕ್ಕದ ಬೀದಿಯ ಹಾಲಿನಕ್ಕ ಪ್ರದರ್ಶನದ ಬಯಲಿನಲ್ಲೇ ಕೇಳಿದ್ದಳು. ಒಂದೇ ಹಸುವಿನ ಹಾಲು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಹೆಂಗಸು. ಆ ಹಸುವೂ ಇವನ ಕೊಟ್ಟಿಗೆಯದೇ. ಎಡಗಿವಿ ಜೋತುಬಿದ್ದಿದೆ, ಪ್ರದರ್ಶನಕ್ಕೆ ನಾಲಾಯಕ್ಕು ಎಂದು ಕರುವಾಗಿದ್ದಾಗಲೇ ಅವಳಿಗೆ ಮಾರಿದ್ದ.

“ಪ್ರತಿ ಸಲ ನೀವು ಬೇಡ ಅಂದಿದ್ದೇ ನಮಗೆ ಬರತ್ತಲ್ಲಣ್ಣ. ಒಂದ್ಸಲನಾದ್ರೂ ಒಳ್ಳೇದು ಕೊಡಿ,” ಎಂದಿದ್ದಳು.

“ಒಳ್ಳೇದನ್ನ ಮಾರಿದ್ರೆ ನನ್ನ ಕೊಟ್ಟಿಗೇಲಿ ಏನಮ್ಮ ಉಳಿಯತ್ತೆ? ನಮ್ಮಪ್ಪ ಹಾಗೇ ಮಾರಿ ಮಾರಿ ಒಂದು ತಳಿಯನ್ನೇ ಕಳ್ಕೊಂಡ್ರು.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕರುವಿನ ತಾಯಿ ನಮ್ಮಲ್ಲೇ ಇದೆಯಲ್ಲ, ಇನ್ನೊಂದು ಹಾಕುತ್ತದೆ ಎಂದು ಮನೆಗೆ ಬಂದ ಮೇಲೆ ಹೆಂಡತಿ ಹೇಳಿದ್ದು ಮಾತ್ರ ಅವನ ಕಿವಿಗೆ ಬೀಳಲಿಲ್ಲ; ಬಿದ್ದರೂ ಒಳಗೆ ಹೋಗಲಿಲ್ಲ.

ಮೊಳೆ ಹೊಡೆದು ಮುಗಿಸುವಷ್ಟರಲ್ಲಿ ರಿಬ್ಬನ್ ನೋಡಲು ನಾಲ್ಕು ಜನ ಬಂದರು. ಕಾಫಿಗೆ ಹಾಲಿರಲಿಲ್ಲ. ಹಿಂದೆ ಗೆದ್ದ ಕರುಗಳೇ ಬೆಳೆದು ಐದು ಹಸುಗಳಾಗಿ, ಮೈ ಮಿರಮಿರನೆ ಮಿಂಚುತ್ತ ಕೊಟ್ಟಿಗೆಯಲ್ಲಿ ನಿಂತಿದ್ದವು. ಅವು ಕೊಟ್ಟ ಹಾಲು ಅವುಗಳ ಕರುಗಳಿಗೇ ಸರಿಹೋಗಿತ್ತು. ಹೆಂಡತಿ ಅವನ ಕೈಗೊಂದು ಪಾತ್ರೆ ಕೊಟ್ಟು, ಹಾಲಿನಕ್ಕನ ಮನೆಗೆ ಕಳಿಸಿದಳು.

ಹಾಲಿನಕ್ಕ ಆಗಿನ್ನೂ ಹಾಲು ಕರೆಯುತ್ತಿದ್ದಳು. ಜೋಲುಕಿವಿಯ ಹಸು ಆರಾಮವಾಗಿ ಮೆಲುಕು ಹಾಕುತ್ತಿತ್ತು. ಬಕೆಟ್ಟು ತುಂಬಿ ನೊರೆ ಅಂಚಿಗೆ ಬಂತು. ಅವಳು ಇನ್ನೊಂದು ಪಾತ್ರೆ ಎಳೆದುಕೊಂಡಳು. ದನದ ಡಾಕ್ಟರು ವರ್ಷ ವರ್ಷ ಹೇಳುತ್ತಿದ್ದುದು ಅವನಿಗೆ ಆಗ ನೆನಪಾಯಿತು. ಮೈ ಮಿಂಚಲೆಂದು ಎಳೆಗರುವಿಗೆ ಹಿಂಡಿಯ ಉಂಡೆ ತುರುಕಿದರೆ ಕೆಚ್ಚಲಿನಲ್ಲಿ ಹಾಲಿನ ಜಾಗವನ್ನು ಕೊಬ್ಬು ಹಿಡಿಯುತ್ತದೆ ಎಂದು. ಕಿವಿ ಜೋತಿದ್ದರಿಂದ ಇದೊಂದು ಕರು ಅವನ ಉಂಡೆಗಳಿಂದ ತಪ್ಪಿಸಿಕೊಂಡಿತ್ತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಬಂದವರು ಕಾಫಿ ಕುಡಿದು ಹೋದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿ, ಇನ್ನು ಮೇಲೆ ಬಿಳಿಚುಕ್ಕೆಗೆ ಉಂಡೆ ಕೊಡುವುದಿಲ್ಲ ಎಂದ. ಅವಳು ಅವನ ಅಂಗಿಯ ಜೇಬು ನೋಡಿದಳು. ಅಲ್ಲಿ ಆಗಲೇ ಎರಡು ಉಂಡೆಗಳು ಉಬ್ಬಿಕೊಂಡಿದ್ದವು.

“ಅದು ಕಣ್ಣೆದುರಿಗಿದ್ರೆ ನಿಮ್ಮ ಕೈ ನಿಲ್ಲಲ್ಲ ರೀ. ನಿಮ್ಮನ್ನ ನಾನು ಕಂಡಿಲ್ವಾ?” ಎಂದಳು.

ಸಂಜೆ ಅವನು ಕರುವಿನ ಮೈ ತೊಳೆದು, ಹಗ್ಗ ಹಿಡಿದು ಪಕ್ಕದ ಬೀದಿಗೆ ನಡೆದ. ಜೋಲುಕಿವಿಗೆ ತೆಗೆದುಕೊಂಡಿದ್ದ ಬೆಲೆಯೇ ಇದಕ್ಕೂ ಸಾಕೆಂದ. ಹಾಲಿನಕ್ಕ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಬಗ್ಗಿ ಕರುವಿನ ಹಣೆಯ ಚುಕ್ಕೆಗೆ ಮುತ್ತಿಟ್ಟಳು.

“ಹುಲ್ಲು ಚೆನ್ನಾಗಿ ಹಾಕಮ್ಮ, ಹಿಂಡಿ ಹಿತಮಿತವಾಗಿರ್ಲಿ. ನಾನೇ ಬಂದು ಏನಾದ್ರೂ ತಿನ್ಸೋಕೆ ಹೋದ್ರೆ ಬೈದು ಕಳ್ಸು,” ಎಂದ.

ಆಮೇಲೆ ಜೇಬಿಗೆ ಕೈ ಹಾಕಿದ. ಈ ಸಲ ಅಲ್ಲಿಂದ ಬಂದದ್ದು ಬೆಳಿಗ್ಗೆ ಗೋಡೆಗೆ ಹೊಡೆದಿದ್ದ ಮೊಳೆ. ಒಂದು ಕಲ್ಲು ಹುಡುಕಿ ತಂದು ಅದನ್ನು ಅವಳ ಕೊಟ್ಟಿಗೆಯ ಕಂಬಕ್ಕೆ ಹೊಡೆದ.

“ಮೊಳೆ ಯಾಕಣ್ಣ?”

“ಮುಂದಿನ ರಿಬ್ಬನ್ನಿಗೆ.”

ಅವಳು ಅತ್ತಿತ್ತ ನೋಡಿ, ನೆಲದ ಮೇಲಿದ್ದ, ಹಾಲು ಅಳೆಯುವ ಹಿಡಿಕೆಯ ಪಾವನ್ನು ತೊಳೆದು ತಂದು ಅದಕ್ಕೆ ನೇತುಹಾಕಿದಳು. “ರಿಬ್ಬನ್ ಬಂದಾಗ ಜಾಗ ಮಾಡ್ಕೊಂಡ್ರಾಯ್ತು,” ಎಂದಳು.

ರಿಬ್ಬನ್ನಣ್ಣ ಮನಸಾರೆ ನಕ್ಕ. ಅವನು ಹೊಡೆದ ಮೊಳೆಗೆ ಹೊಡೆದ ದಿನವೇ ಕೆಲಸ ಸಿಕ್ಕಿದ್ದು ಇದೇ ಮೊದಲು.